ವಿಮಾನದ ಅಂಕನಾಮ

ಟಿಕೆಟ್ಟಿನ ಮೂಲೆಯಲ್ಲಿ ಅಚ್ಚಾದ ಎರಡಕ್ಷರವನ್ನೂ ಅದರ ಬೆನ್ನಿಗಂಟಿದ ಅಂಕಿಗಳನ್ನೂ ನಾವು ದ್ವಾರವನ್ನು ಹುಡುಕುವುದಕ್ಕಷ್ಟೇ ಬಳಸಿ ಮರೆತುಬಿಡುತ್ತೇವಾದರೂ, ಆ ಪುಟ್ಟ ನಾಮಧೇಯದಲ್ಲಿ ಅಡಗಿರುವ ವಿವೇಕವು ನನ್ನಲ್ಲಿ ನಿಜವಾದ ಗೌರವವನ್ನು ಹುಟ್ಟಿಸಿದೆ. ಅಕ್ಷರಗಳು ಸಂಸ್ಥೆಯ ಕುಲನಾಮ: ಏರ್ ಇಂಡಿಯಾಕ್ಕೆ ‘ಎಐ’, ಇಂಡಿಗೋಗೆ ‘6ಇ’. ಅಂಕಿಯಾದರೋ ಯಂತ್ರದ ಹೆಸರಲ್ಲ, ಯಾತ್ರೆಯ ಹೆಸರು. ಯಂತ್ರಕ್ಕೆ ಬೇರೆಯೇ ನೋಂದಣಿಯುಂಟು. ಸಿಡ್ನಿಯಿಂದ ಹೊರಟು ಸಿಂಗಪುರದಲ್ಲಿ ಇಳಿದು ಲಂಡನ್ನಿಗೆ ಸಾಗುವ ಕ್ವಾಂಟಾಸ್ ವಿಮಾನವು ಉದ್ದಕ್ಕೂ ‘ಕ್ಯೂಎಫ್ 1’ ಎಂದೇ ಕರೆಯಿಸಿಕೊಳ್ಳುವುದರಿಂದ, ಒಂದೇ ಸಂಖ್ಯೆಯೆಂದರೆ ನಡುವೆ ನಿಲುಗಡೆಯಿಲ್ಲವೆಂದು ಪ್ರಯಾಣಿಕನು ಭಾವಿಸಲಾಗದು.

ಹೋಗುವುದಕ್ಕೊಂದು ಬೆಸಸಂಖ್ಯೆ, ಮರಳುವುದಕ್ಕೆ ಅದರ ನೆರೆಯ ಸಮಸಂಖ್ಯೆ ಎಂಬ ಜೋಡಿಯ ಸೊಗಸು ಬಹಳ ಕಡೆ ಕಾಣುವುದು. 2021ರ ಜನವರಿಯಲ್ಲಿ ಮಹಿಳಾ ವೈಮಾನಿಕರೇ ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರಧ್ರುವದ ಮೇಲಿನ ಹಾದಿಯಲ್ಲಿ ಬೆಂಗಳೂರಿಗೆ ತಂದಿಳಿಸಿದ ವಿಮಾನವು ‘ಎಐ 176’; ಇಲ್ಲಿಂದ ಹೊರಡುತ್ತಿದ್ದುದು 175. ಸಹಭಾಗಿ ಸಂಸ್ಥೆಗಳು ಒಂದೇ ವಿಮಾನಕ್ಕೆ ತಮ್ಮ ತಮ್ಮ ಸಂಖ್ಯೆಯನ್ನು ತೊಡಿಸುವುದೂ ಉಂಟು; ಆಗ ಹಾರಿಸುವವರು ಯಾರೆಂದು ಕೇಳಿಕೊಳ್ಳತಕ್ಕದ್ದು.

ದುರಂತಕ್ಕೀಡಾದ ಯಾತ್ರೆಯ ಸಂಖ್ಯೆಯನ್ನು ಮತ್ತೆ ಬಳಸದಿರುವ ಸಂಪ್ರದಾಯವಂತೂ ನನ್ನ ಮನಸ್ಸನ್ನು ಕಲಕಿದೆ. 2014ರ ಮಾರ್ಚ್ 8ರಂದು ಕೌಲಾಲಂಪುರದಿಂದ ಬೀಜಿಂಗಿಗೆ ಹೊರಟಿದ್ದ ‘ಎಂಎಚ್ 370’ ವಿಮಾನವು ಕಣ್ಮರೆಯಾಯಿತು. ಅದೇ ತಿಂಗಳ 14ರಿಂದ ಆ ಪಯಣವು 318 ಎಂಬ ಹೊಸ ಸಂಖ್ಯೆಯನ್ನು ಧರಿಸಿ ಹೊರಟಿತು.