ಸಮ್ಮೇಳನದ ವೇದಿಕೆ, ನವಲಗುಂದದ ಮಗ್ಗ

ಪ್ರವಾಸದ ವಿಡಿಯೊ ಮಾಡುವವರ, ಬ್ಲಾಗು ಬರೆಯುವವರ ಸಮ್ಮೇಳನವೆಂದರೆ ಅರ್ಧ ಪಾಠಶಾಲೆ, ಅರ್ಧ ಸಂತೆ. 2009ರಲ್ಲಿ ಅಮೆರಿಕದ ಷಿಕಾಗೊದಲ್ಲಿ ಶುರುವಾದ ‘ಟಿಬೆಕ್ಸ್’ ಇದಕ್ಕೊಂದು ಮಾದರಿ ಹಾಕಿಕೊಟ್ಟಿತು. 2015ರಲ್ಲಿ ಬ್ಯಾಂಕಾಕ್, ಮರುವರ್ಷ ಮನಿಲಾ ಎಂದು ಅದು ಏಷ್ಯಾಕ್ಕೂ ಬಂತು. ಒಂದು ಸಭಾಂಗಣದಲ್ಲಿ ಭಾಷಣ, ತರಬೇತಿ. ಪಕ್ಕದಲ್ಲೇ ಮೇಜು ಹಾಕಿಕೊಂಡು ಕೂತ ಪ್ರವಾಸೋದ್ಯಮ ಮಂಡಳಿಯವರು, ಹೋಟೆಲಿನವರು, ಕಂಪನಿಯವರು. ಒಂದು ಮೇಜಿನಲ್ಲಿ ಕೆಲವೇ ನಿಮಿಷ ಮಾತು, ಆಮೇಲೆ ಮುಂದಿನ ಮೇಜು. ಸಮ್ಮೇಳನದ ಹಿಂದೆ ಮುಂದೆ, ಆತಿಥ್ಯ ವಹಿಸಿದವರ ಖರ್ಚಿನಲ್ಲಿ ಸುತ್ತಾಟ. ಇದಕ್ಕೆ ಆ ವಲಯದಲ್ಲಿ ‘ಫ್ಯಾಮ್ ಟ್ರಿಪ್’ ಎನ್ನುತ್ತಾರೆ. ಕೇರಳ 2014ರಲ್ಲೇ ‘ಕೇರಳ ಬ್ಲಾಗ್ ಎಕ್ಸ್‌ಪ್ರೆಸ್’ ಹೆಸರಿನಲ್ಲಿ ದೇಶ ವಿದೇಶದ ಬ್ಲಾಗಿಗರನ್ನು ಬಸ್ಸಿನಲ್ಲಿ ಕೂರಿಸಿ ರಾಜ್ಯ ಸುತ್ತಿಸಿತು. ಕರ್ನಾಟಕದಲ್ಲಿ ಇದಕ್ಕೆ ಹತ್ತಿರದ್ದೆಂದರೆ ಬೆಂಗಳೂರಿನಲ್ಲಿ 2019ರಲ್ಲಿ ಮೊದಲ ಸಲ, 2025ರಲ್ಲಿ ಮತ್ತೆ ನಡೆದ ಅಂತರರಾಷ್ಟ್ರೀಯ ಪ್ರವಾಸೋದ್ಯಮ ಎಕ್ಸ್‌ಪೊ. ಅದು ಮುಖ್ಯವಾಗಿ ಟೂರ್ ಆಪರೇಟರುಗಳ ಕೂಟ.

ಧಾರವಾಡ ಜಿಲ್ಲೆಯ ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ಕಡೆಯ ಹುಡುಗ ಹುಡುಗಿಯರು ಈಗ ಮೊಬೈಲು ಹಿಡಿದು ತಮ್ಮೂರಿನ ಜಾತ್ರೆ, ಗುಡಿ, ಖಾನಾವಳಿಗಳನ್ನು ತಮ್ಮದೇ ಮಾತಿನಲ್ಲಿ ತೋರಿಸುತ್ತಿದ್ದಾರೆ. ಅಂಥವರೊಬ್ಬರು ಮೊದಲ ಸಲ ಇಂಥ ಸಮ್ಮೇಳನಕ್ಕೆ ಹೋದರೆ ಅವರಿಗೆ ಏನು ದಕ್ಕುತ್ತದೆ? ಅವರ ಊರಿಗೆ ಏನು ದಕ್ಕುತ್ತದೆ? ಈ ಎರಡು ಪ್ರಶ್ನೆಗಳಿಗೆ ಉತ್ತರ ಒಂದೇ ಅಲ್ಲ.

ಹೋದವರಿಗೆ ಲಾಭ ಇದ್ದೇ ಇದೆ. ಹಳ್ಳಿಯಲ್ಲಿ ಒಬ್ಬರೇ ಕೂತು ರಾತ್ರಿಯಿಡೀ ಎಡಿಟಿಂಗ್ ಮಾಡುವವರಿಗೆ ತಮ್ಮಂಥವರು ನೂರಾರು ಮಂದಿ ಇದ್ದಾರೆಂದು ಕಣ್ಣಾರೆ ಕಾಣುವುದೇ ದೊಡ್ಡ ಬಲ. ತಮ್ಮ ಕೆಲಸಕ್ಕೆ ಎಷ್ಟು ದುಡ್ಡು ಕೇಳಬೇಕು, ಕರಾರಿನಲ್ಲಿ ಏನು ಬರೆಸಿಕೊಳ್ಳಬೇಕು ಎಂಬುದು ಅಲ್ಲಿ ಹಳಬರ ಬಾಯಿಂದ ತಿಳಿಯುತ್ತದೆ. ಕಾನೂನಿನ ತಿಳಿವಳಿಕೆಯಂತೂ ತೀರಾ ಅಗತ್ಯ. ಸಾಮಾಜಿಕ ಜಾಲತಾಣದ ಪ್ರಚಾರದ ಬಗ್ಗೆ ಜಾಹೀರಾತು ಮಾನದಂಡಗಳ ಮಂಡಳಿಯ ನಿಯಮಗಳು 2021ರ ಜೂನ್‌ನಲ್ಲಿ ಜಾರಿಗೆ ಬಂದವು. 2023ರ ಜನವರಿಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯೂ ಮಾರ್ಗಸೂಚಿ ಹೊರಡಿಸಿತು. ದುಡ್ಡು ಪಡೆದರೆ ಮಾತ್ರವಲ್ಲ, ಪುಕ್ಕಟೆ ರೂಮು, ಪುಕ್ಕಟೆ ಪ್ರವಾಸ ಪಡೆದರೂ ನೋಡುಗರಿಗೆ ಸ್ಪಷ್ಟವಾಗಿ ಹೇಳಬೇಕು. ದಾರಿ ತಪ್ಪಿಸುವ ಪ್ರಚಾರಕ್ಕೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಮೊದಲ ಸಲ 10 ಲಕ್ಷ ರೂಪಾಯಿವರೆಗೆ, ಮರುಕಳಿಸಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ರೆಸಾರ್ಟಿನವರು ಊಟ ಹಾಕಿದ ಕೂಡಲೇ ಹೊಗಳಿ ವಿಡಿಯೊ ಬಿಡುವ ಹೊಸಬರಿಗೆ ಇಷ್ಟು ಗೊತ್ತಾದರೂ ಹೋಗಿ ಬಂದದ್ದು ಸಾರ್ಥಕ.

ನೋಡುವ ಕಣ್ಣು ಮಾತ್ರ ಅಲ್ಲಿ ಸಿಗುವುದಿಲ್ಲ. ಕನ್ನಡದ ಮಟ್ಟಿಗೆ ಈ ಕ್ಷೇತ್ರದ ದೊಡ್ಡ ಹೆಸರು ‘ಡಾಕ್ಟರ್ ಬ್ರೋ’ ಎಂಬ ಗಗನ್ ಶ್ರೀನಿವಾಸ್. ‘ನಮಸ್ಕಾರ ದೇವ್ರು’ ಎನ್ನುತ್ತಾ ಅಫ್ಗಾನಿಸ್ತಾನದ ಬೀದಿಯಲ್ಲಿ ಜನರ ಹೆಗಲ ಮೇಲೆ ಕೈ ಹಾಕಿ ಮಾತಾಡಿಸಿದ ಆ ಹುಡುಗನ ಸಲಿಗೆ ಯಾವ ತರಬೇತಿಯಲ್ಲೂ ಕಲಿಸಿ ಬರುವಂಥದ್ದಲ್ಲ. ಭಾಷೆ ಬಾರದ ಜನರ ನಡುವೆಯೂ ಕನ್ನಡದಲ್ಲೇ ಮಾತಾಡಿ ಲಕ್ಷಾಂತರ ನೋಡುಗರನ್ನು ಗಳಿಸಿದ್ದು ಅವರ ನಿಜವಾದ ಸಾಧನೆ. ‘ಹೆಚ್ಚು ಜನಕ್ಕೆ ಮುಟ್ಟಬೇಕಾದರೆ ಹಿಂದಿಗೆ, ಇಂಗ್ಲಿಷಿಗೆ ಹೊರಳಿ’ ಎಂದು ಹೊಸಬರಿಗೆ ಬುದ್ಧಿ ಹೇಳುವವರು ಇದನ್ನು ಗಮನಿಸಬೇಕು.

ನವಲಗುಂದದ ಜಮಖಾನವನ್ನೇ ತೆಗೆದುಕೊಳ್ಳೋಣ. ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಪಡೆದ ಈ ನೇಯ್ಗೆ ಬಿಜಾಪುರದ ಆದಿಲಶಾಹಿ ಕಾಲದಲ್ಲಿ ಇಲ್ಲಿಗೆ ಬಂತೆಂದು ಹೇಳುತ್ತಾರೆ. ನೇಯುವವರೆಲ್ಲ ಹೆಣ್ಣುಮಕ್ಕಳು, ಅದೂ ಮನೆಯೊಳಗೆ. ಮಗ್ಗ ಮಲಗಿದ್ದಲ್ಲ, ಗೋಡೆಯ ಹಾಗೆ ನಿಂತದ್ದು. ಅದರೆದುರು ಕೂತು, ಬಣ್ಣದ ಹತ್ತಿ ನೂಲನ್ನು ಕೈಬೆರಳಲ್ಲೇ ಹಾಸಿನ ಎಳೆಗಳ ನಡುವೆ ತೂರಿಸಿ, ಹಲ್ಲಿರುವ ಪಂಜದಿಂದ ಬಡಿದು ಬಡಿದು ಕೂರಿಸುತ್ತಾರೆ. ನವಿಲು, ಪಗಡೆಯ ಹಾಸು, ಹೂವು, ಎಲ್ಲವೂ ಎಳೆ ಎಣಿಸಿ ಮೂಡಿಸಿದ್ದು. ಎದುರಿಗೆ ನಕ್ಷೆಯ ಕಾಗದ ಇರುವುದಿಲ್ಲ, ವಿನ್ಯಾಸ ತಲೆಯಲ್ಲಿರುತ್ತದೆ. ಒಂದು ಜಮಖಾನ ಮುಗಿಯಲು ದಿನಗಟ್ಟಲೆ ಬೇಕು. ವಿದ್ಯೆ ಹೊರಗೆ ಹೋಗದಿರಲೆಂದು ಮದುವೆಯಾಗಿ ಹೋಗುವ ಮಗಳಿಗೆ ಕಲಿಸದೆ, ಮನೆಗೆ ಬಂದ ಸೊಸೆಗೆ ಕಲಿಸುತ್ತಿದ್ದ ಕಾಲವೊಂದಿತ್ತಂತೆ. ಇವತ್ತು ಕಲಿಯುವ ಸೊಸೆಯರೇ ಕಡಿಮೆ.

ಇಂಥ ಮನೆಗೆ ಕ್ಯಾಮೆರಾ ಬಂದಾಗ ಏನಾಗುತ್ತದೆ? ‘ಬರ್ರಿ, ಕೂಡ್ರಿ, ಚಾ ಕುಡೀರಿ’ ಎಂಬ ಉಪಚಾರ ಮೊದಲು. ಆಮೇಲೆ ಬೆಳಕು ಸಾಲದೆಂದು ಮಗ್ಗದ ಮುಂದಿನ ಸಾಮಾನು ಸರಿಸುವುದು, ‘ಅಕ್ಕಾ, ಇನ್ನೊಮ್ಮೆ ಬಡೀರಿ’ ಎನ್ನುವುದು. ಅರ್ಧ ದಿನ ಹೋದರೆ ಅಷ್ಟು ಎಳೆ ಹಿಂದೆ ಬಿದ್ದಂತೆ. ನೇಯ್ದಷ್ಟಕ್ಕೆ ಮಾತ್ರ ಕೂಲಿ ಸಿಗುವವರಿಗೆ ಅದು ಸೀದಾ ನಷ್ಟ. ವಿಡಿಯೊದಿಂದ ಬರುವ ದುಡ್ಡಿನ ಲೆಕ್ಕವನ್ನು ಸಮ್ಮೇಳನಗಳು ಚೆನ್ನಾಗಿ ಕಲಿಸುತ್ತವೆ. ಚಿತ್ರೀಕರಣಕ್ಕೆ ಸಮಯ ಕೊಟ್ಟವರಿಗೆ ಏನು ಕೊಡಬೇಕೆಂಬ ಲೆಕ್ಕಕ್ಕೂ ಅಲ್ಲಿ ಜಾಗ ಇರಬೇಕು. ಈ ವೃತ್ತಿಯ ನೈತಿಕತೆ ಅಳೆಯಲು ಇದಕ್ಕಿಂತ ಸರಳ ಮಾನದಂಡ ಬೇರೆ ಬೇಕಿಲ್ಲ.

ಅಣ್ಣಿಗೇರಿಯ ಕಥೆ ಬೇರೆ. 2010ರಲ್ಲಿ ಅಲ್ಲಿ ಚರಂಡಿ ತೋಡುವಾಗ ರಾಶಿ ತಲೆಬುರುಡೆಗಳು ಸಿಕ್ಕವು. ಉತ್ಖನನ ಮುಂದುವರಿದಂತೆ ಲೆಕ್ಕ 600ರ ಸುಮಾರಿಗೆ ಮುಟ್ಟಿತು. ‘ಬೆಚ್ಚಿಬೀಳಿಸುವ ರಹಸ್ಯ’ ಎಂಬ ತಲೆಬರಹಕ್ಕೆ ಇಷ್ಟು ಸಾಕು, ವಿಡಿಯೊ ಓಡುತ್ತದೆ. ಅದೇ ಊರಿನ ಅಮೃತೇಶ್ವರ ದೇವಾಲಯ ಕಲ್ಯಾಣ ಚಾಲುಕ್ಯರದು, 76 ಕಂಬಗಳದ್ದು. ಚರಕಿಯಲ್ಲಿ ಕಡೆದಂತೆ ನುಣುಪಾದ ಆ ಕರಿಯ ಬಳಪದ ಕಲ್ಲಿನ ಕಂಬಗಳ ಅಂಚುಗಳನ್ನು ಬೆಳಗಿನ ಓರೆ ಬಿಸಿಲಿನಲ್ಲಿ ನೋಡಬೇಕು. ಚಾಲುಕ್ಯರ ಕೊನೆಯ ದೊರೆ ನಾಲ್ಕನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದ ಕೊನೆಯಲ್ಲಿ ಇಲ್ಲಿಂದಲೇ ಆಳಿದ. ಆದಿಕವಿ ಪಂಪನ ವಿಷಯಕ್ಕೆ ಬಂದರೆ, ವಿಡಿಯೊ ಮಾಡುವವರು ‘ಪಂಪ ಹುಟ್ಟಿದ ಊರು’ ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಾರೆ. ಪಂಪನ ತಾಯಿ ಅಬ್ಬಣಬ್ಬೆ ಅಣ್ಣಿಗೇರಿಯ ಜೋಯಿಸ ಸಿಂಘನ ಮನೆತನದವಳು ಎಂದು ತಿಳಿದದ್ದು ಅವನ ತಮ್ಮ ಜಿನವಲ್ಲಭ ಹಾಕಿಸಿದ ಶಾಸನದಿಂದ. ಆ ಶಾಸನ ಇರುವುದು ತೆಲಂಗಾಣದ ಕುರ್ಕ್ಯಾಲದ ಬಂಡೆಯ ಮೇಲೆ. ಧಾರವಾಡದ ಎರೆನೆಲದ ಊರೊಂದನ್ನು ದೂರದ ಬಂಡೆ ನೆನೆಯುವ ಈ ಸಂಗತಿಯಲ್ಲಿ ತಲೆಬುರುಡೆಗಿಂತ ದೊಡ್ಡ ಕುತೂಹಲವಿದೆ. ಅದನ್ನು ಹೇಳಲು ಓದಿಕೊಂಡು ಹೋಗಬೇಕಷ್ಟೇ.

ಪ್ರಚಾರದಿಂದ ಒಳ್ಳೆಯದೇ ಆಗುವುದಿಲ್ಲ ಎಂದಲ್ಲ. 2018ರ ನವೆಂಬರಿನಲ್ಲಿ ನಟ ಅಂಬರೀಷ್ ತೀರಿಕೊಂಡ ಮೇಲೆ, ನಟ ಯಶ್ ಅವರ ಮಗುವಿಗೆಂದು ಅಂಬರೀಷ್ ಕಲಘಟಗಿಯಲ್ಲಿ ಮಾಡಿಸಿದ್ದ ತೊಟ್ಟಿಲು ಸುದ್ದಿಯಾಯಿತು. ಅರಗಿನ ಬಣ್ಣದಲ್ಲಿ ದೇವರ, ಪುರಾಣದ ಚಿತ್ರ ಬರೆದ ಕಲಘಟಗಿ ತೊಟ್ಟಿಲ ಹೆಸರು ಆಗ ರಾಜ್ಯದ ಮನೆಮನೆಗೆ ತಲುಪಿತು. ಜನ ನೆನಪಿಟ್ಟುಕೊಂಡದ್ದು ‘ನೋಡಲೇಬೇಕಾದ ಹತ್ತು ತಾಣಗಳು’ ಎಂಬಂಥ ಪಟ್ಟಿಯನ್ನಲ್ಲ. ಒಂದು ವಸ್ತು, ಅದನ್ನು ಮಾಡಿದ ಊರು, ಅದರ ಹಿಂದಿನ ಪ್ರೀತಿ.

ಈ ತಾಲ್ಲೂಕುಗಳಲ್ಲೇ ಇನ್ನೊಂದು ಬಗೆಯ ಸಮ್ಮೇಳನ ನಡೆದುಕೊಂಡು ಬಂದಿದೆ. ಕುಂದಗೋಳದ ನಾಡಿಗೇರ ವಾಡೆಯಲ್ಲಿ ಹಿಂದೂಸ್ತಾನಿ ಗಾಯಕ ಸವಾಯಿ ಗಂಧರ್ವರ ಸ್ಮರಣೆಗೆ ಸಂಗೀತಗಾರರು ಸೇರಿ ರಾತ್ರಿಯಿಡೀ ಹಾಡುತ್ತಾರೆ. ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲು ಹತ್ತಿ ಬಂದು ಅವರ ಬಳಿ ಕಲಿತದ್ದು ಇದೇ ಊರಿನಲ್ಲಿ. ಭೀಮಸೇನ ಜೋಶಿ ಗುರುವಿನ ಮನೆಯಲ್ಲೇ ಇದ್ದು ತೋಡಿ, ಮುಲ್ತಾನಿ, ಪೂರಿಯಾಗಳನ್ನು ವರ್ಷಗಟ್ಟಲೆ ತಿದ್ದಿಕೊಂಡರು. ಅಲ್ಲಿ ಹೊಸಬ ಮೊದಲು ಕೂತು ಕೇಳಬೇಕು. ಹಾಡುವ ಸರದಿ ಆಮೇಲೆ. ಪ್ರವಾಸದ ಸಮ್ಮೇಳನದಲ್ಲಿ ಹೊಸಬನಿಗೆ ಮೊದಲು ಹೇಳಿಕೊಡುವುದು ತನ್ನನ್ನು ತಾನು ಪರಿಚಯಿಸಿಕೊಳ್ಳುವುದನ್ನು. ಊರನ್ನು ತೋರಿಸುವ ಕೆಲಸಕ್ಕೆ ಕುಂದಗೋಳದ ಕ್ರಮವೇ ಹೆಚ್ಚು ಒಪ್ಪುತ್ತದೆ.

ಎರಡು ದಿನ ನಿಲ್ಲುವವರಿಗೆ ಇಲ್ಲಿ ಸರಕಿಗೆ ಬರವಿಲ್ಲ. ಹೋಳಿ ಬಂತೆಂದರೆ ನವಲಗುಂದದ ರಾಮಲಿಂಗ ಕಾಮಣ್ಣನಿಗೆ ಹರಕೆ ಹೊತ್ತವರ ಸಾಲು. ಎಳ್ಳಮಾಸಿಗೆ ಹೊಲಗಳಲ್ಲಿ ಚರಗ. ಜುಲೈ 21 ಬಂದರೆ, 1980ರಲ್ಲಿ ಮಲಪ್ರಭಾ ಅಚ್ಚುಕಟ್ಟಿನ ಕರ ಭಾರದ ವಿರುದ್ಧ ಎದ್ದು ಗೋಲಿಬಾರಿಗೆ ಬಲಿಯಾದ ರೈತರ ನೆನಪು. ಇವುಗಳಲ್ಲಿ ಕೊನೆಯದನ್ನು ಪ್ರವಾಸದ ವಿಡಿಯೊಗಳು ಮುಟ್ಟುವುದು ತೀರಾ ಅಪರೂಪ.

ಹಾಗಾಗಿ ಸಮ್ಮೇಳನಕ್ಕೆ ಹೋಗಬೇಕು. ವ್ಯವಹಾರ ಕಲಿಯಲು, ಕಾನೂನು ತಿಳಿಯಲು, ಗೆಳೆಯರನ್ನು ಸಂಪಾದಿಸಲು ಅದು ತಕ್ಕ ಜಾಗ. ಊರು ಕಾಣುವುದನ್ನು ಅಲ್ಲಿ ಕಲಿತೆವೆಂದು ಯಾರೂ ನಂಬಬಾರದು. ಪ್ರವಾಸೋದ್ಯಮ ಇಲಾಖೆಗೂ ಒಂದು ಮನವಿ: ಮುಂದಿನ ಎಕ್ಸ್‌ಪೊ ನಡೆಸುವಾಗ ಮಾತಾಡುವವರ ಪಟ್ಟಿಯಲ್ಲಿ ನವಲಗುಂದದ ಒಬ್ಬ ನೇಕಾರ್ತಿ, ಕಲಘಟಗಿಯ ಒಬ್ಬ ತೊಟ್ಟಿಲು ಕಲಾವಿದ ಇರಲಿ. ಫ್ಯಾಮ್ ಟ್ರಿಪ್ಪಿನ ದಾರಿಯಲ್ಲಿ ಈ ನಾಲ್ಕು ತಾಲ್ಲೂಕುಗಳಿಗೆ ಎರಡು ರಾತ್ರಿಯಾದರೂ ಇಡಲಿ. ಕ್ಯಾಮೆರಾದ ಮುಂದೆ ಕೂತವರಿಗೆ ಆ ದಿನದ ಕೂಲಿಯನ್ನು ಅದೇ ದಿನ ಕೈಗೆ ಕೊಡಲಿ.