ಹಾರ್ಡಿಯ ಕಾದಂಬರಿಗಳ ಬಾಳಿಕೆ: ದಾವಣಗೆರೆ ಸೀಮೆಯಿಂದ ಒಂದು ಓದು

ಥಾಮಸ್ ಹಾರ್ಡಿ (1840–1928) ‘ಜೂಡ್ ದಿ ಅಬ್‌ಸ್ಕ್ಯೂರ್’ (1895) ಕೃತಿಯ ಬಳಿಕ ಹೊಸದಾಗಿ ಕಾದಂಬರಿ ಬರೆಯಲಿಲ್ಲ. ಶತಮಾನ ಕಳೆದರೂ ಕನ್ನಡ ನಾಡಿನ ಇಂಗ್ಲಿಷ್ ತರಗತಿಗಳಲ್ಲಿ ಅವನ ಓದು ನಿಂತಿಲ್ಲ. ಈ ಬಾಳಿಕೆಗೆ ಕಾರಣವೇನು? ಹಾರ್ಡಿ ವಿಧಿವಾದಿ, ಅವನ ಪಾತ್ರಗಳು ದೈವದ ಕೈಗೊಂಬೆಗಳು ಎಂಬುದು ರೂಢಿಯ ಉತ್ತರ. ಕರ್ಮಸಿದ್ಧಾಂತದ ಪರಿಚಯವಿರುವ ನಮಗೆ ಅದು ಸುಲಭವಾಗಿ ಒಪ್ಪಿಗೆಯಾಗುತ್ತದೆ. ಆದರೆ ಆ ಉತ್ತರ ಸಾಲದು ಎಂಬುದು ಪ್ರಸ್ತುತ ಲೇಖನದ ನಿಲುವು.

‘ದಿ ಮೇಯರ್ ಆಫ್ ಕ್ಯಾಸ್ಟರ್‌ಬ್ರಿಜ್’ (1886) ಕೃತಿಯನ್ನು ನೋಡಬಹುದು. ಕುಡಿದ ಮತ್ತಿನಲ್ಲಿ ಹೆಂಡತಿಯನ್ನು ಐದು ಗಿನಿಗೆ ಮಾರಿದ ಹೆಂಚರ್ಡ್ ಮುಂದೆ ದೊಡ್ಡ ಧಾನ್ಯವ್ಯಾಪಾರಿಯಾಗುತ್ತಾನೆ. ಮಳೆ ಹೇಳುವವನ ಮಾತು ನಂಬಿ ಧಾನ್ಯ ಕೊಳ್ಳುತ್ತಾನೆ. ಹವೆ ತಿಳಿಯಾಗಿ ಬೆಲೆ ಕುಸಿದಾಗ ಗಾಬರಿಯಿಂದ ಮಾರುತ್ತಾನೆ. ಮಾರಿದ ಮೇಲೆ ಮಳೆ ಬರುತ್ತದೆ. ಇದನ್ನು ವಿಧಿಯ ಆಟ ಎನ್ನಬಹುದು. ಆದರೆ ಹೊರದೇಶದ ಧಾನ್ಯದ ಮೇಲೆ ನಿರ್ಬಂಧವಿದ್ದ, ಊರಿನ ಫಸಲೇ ಬೆಲೆಯನ್ನು ನಿರ್ಣಯಿಸುತ್ತಿದ್ದ ಕಾಲದ ಕಥೆ ಅದು. ಆ ಕಾಯಿದೆ ರದ್ದಾದದ್ದು 1846ರಲ್ಲಿ. ಹೆಂಚರ್ಡ್‌ನ ಪತನದಲ್ಲಿ ಸ್ವಭಾವ, ಮೋಡ, ಮಾರುಕಟ್ಟೆ ಮೂರೂ ಹೆಣೆದುಕೊಂಡಿವೆ.

1997ರಲ್ಲಿ ರಚನೆಯಾದ ದಾವಣಗೆರೆ ಜಿಲ್ಲೆಗೆ ಚನ್ನಗಿರಿ, ಹೊನ್ನಾಳಿ ತಾಲ್ಲೂಕುಗಳು ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಸೇರಿದವು. ಅಂದು ಹೊನ್ನಾಳಿಯೊಳಗಿದ್ದ ನ್ಯಾಮತಿ ಮುಂದೆ ಪ್ರತ್ಯೇಕ ತಾಲ್ಲೂಕಾಯಿತು. ಒಂದೆಡೆ ಸೂಳೆಕೆರೆ, ಭದ್ರಾ ನಾಲೆ, ಅಡಿಕೆ ತೋಟ; ನಡುವೆ ತುಂಗಭದ್ರೆಯ ದಂಡೆ; ಇನ್ನೊಂದೆಡೆ ಬರಕ್ಕೆ ಪದೇ ಪದೇ ಒಡ್ಡಿಕೊಂಡ ಜಗಳೂರಿನ ಖುಷ್ಕಿ. ಮುಗಿಲನ್ನೂ ಮಂಡಿಯ ದರವನ್ನೂ ಒಟ್ಟಿಗೆ ನೋಡಬೇಕಾದ ಈ ಸೀಮೆಯ ಓದುಗನಿಗೆ ಹೆಂಚರ್ಡ್‌ನ ಲೆಕ್ಕಾಚಾರವನ್ನು ಅಡಿಟಿಪ್ಪಣಿಯಿಂದ ವಿವರಿಸಬೇಕಾಗಿಲ್ಲ.

‘ಟೆಸ್’ (1891) ಕೃತಿಯಲ್ಲಿ ಈ ಅಂಶ ಇನ್ನೂ ಸ್ಪಷ್ಟ. ಟೆಸ್‌ಳ ದುರಂತ ತೊಡಗುವುದು ಮನೆಯ ಒಂದೇ ಕುದುರೆ ಸತ್ತಾಗ. ಕೊನೆಯಲ್ಲಿ ಅವಳನ್ನು ಮತ್ತೆ ಅಲೆಕ್‌ನ ಬಳಿಗೆ ತಳ್ಳುವುದು ತಂದೆಯ ಸಾವು. ಜೀವಾವಧಿಯ ಹಕ್ಕಿನ ಮನೆ ಅವನೊಂದಿಗೇ ಕೈಬಿಟ್ಟು ಕುಟುಂಬ ಬೀದಿಗೆ ಬೀಳುತ್ತದೆ. ಹಳೆಯ ಶಿವಮೊಗ್ಗ ಜಿಲ್ಲೆಯ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಹೋರಾಡಿದರು. 1974ರ ಮಾರ್ಚ್ 1ರಿಂದ ತಿದ್ದುಪಡಿಯಾದ ಭೂಸುಧಾರಣಾ ಕಾಯಿದೆ ಜಾರಿಗೆ ಬಂದಿತು. ಈ ಚರಿತ್ರೆಯನ್ನು ಬಲ್ಲವರು ಟೆಸ್‌ಳ ಕಣ್ಣೀರನ್ನು ದೈವದ ಲೆಕ್ಕಕ್ಕೆ ಬರೆದು ಸುಮ್ಮನಾಗಲಾರರು.

ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ (1936), ರಾವಬಹಾದ್ದೂರರ ‘ಗ್ರಾಮಾಯಣ’ (1957) ಕೃತಿಗಳನ್ನು ಹಾರ್ಡಿಯ ಪಕ್ಕದಲ್ಲಿಟ್ಟು ಓದಲು ಸಾಧ್ಯವಾಗುವುದು ಇಲ್ಲಿಯೇ. ಪ್ರದೇಶವು ಇವುಗಳಲ್ಲಿ ಬರಿಯ ಹಿನ್ನೆಲೆಯಲ್ಲ. ಮನುಷ್ಯರ ಆಯ್ಕೆಗಳ ಮಿತಿಯನ್ನು ಅದೇ ಗೊತ್ತುಮಾಡುತ್ತದೆ.

ಆದರೂ ಈ ಸಾಮ್ಯಕ್ಕೆ ಒಂದು ಎಲ್ಲೆಯಿದೆ. ಶಿವರಾಮ ಕಾರಂತರ ‘ಚೋಮನ ದುಡಿ’ಯಲ್ಲಿ (1933) ಚೋಮನ ಬಳಿ ಎತ್ತುಗಳಿವೆ, ದುಡಿಯುವ ತೋಳಿದೆ, ಆದರೆ ಬೇಸಾಯಗಾರನಾಗುವ ಹಂಬಲಕ್ಕೆ ಹುಟ್ಟೇ ಅಡ್ಡ ಬರುತ್ತದೆ. ಡರ್ಬಿಫೀಲ್ಡ್ ಕುಟುಂಬ ಮನೆಯನ್ನು ಕಳೆದುಕೊಂಡಿತು. ಚೋಮನಿಗೆ ನೆಲ ದಕ್ಕಲೇ ಇಲ್ಲ. ವರ್ಗವನ್ನು ಅಷ್ಟು ಸೂಕ್ಷ್ಮವಾಗಿ ಕಂಡ ಹಾರ್ಡಿಯ ಅಳತೆಗೋಲು ಜಾತಿಯನ್ನು ಅಳೆಯಲಾರದು. ಹಾರ್ಡಿಯನ್ನು ಮಾದರಿಯೆಂದು ಹಿಡಿದು ನಮ್ಮ ಪ್ರಾದೇಶಿಕ ಕಾದಂಬರಿಗಳನ್ನು ತೂಗುವ ವಿಮರ್ಶೆ ಎಡವುವುದು ಈ ಸ್ಥಳದಲ್ಲಿಯೇ.

ಹಾಗಾಗಿ ಹಾರ್ಡಿಯ ಬಾಳಿಕೆಯನ್ನು ‘ಸಾರ್ವಕಾಲಿಕತೆ’ ಎಂಬ ಸವೆದ ಪದದಿಂದ ವಿವರಿಸುವುದು ಸೂಕ್ತವಲ್ಲ. ತನ್ನ ಡಾರ್ಸೆಟ್ ಸೀಮೆಯ ಮಣ್ಣು, ಬೆಲೆ, ಹಕ್ಕುಪತ್ರಗಳನ್ನು ಅವನು ಖಚಿತವಾಗಿ ಬಲ್ಲ. ಆ ಖಚಿತತೆಯೇ ಬೇರೆ ಸೀಮೆಯ ಓದುಗನನ್ನು ತನ್ನ ನೆಲದ ಲೆಕ್ಕವನ್ನು ತೆಗೆದು ನೋಡುವಂತೆ ಮಾಡುತ್ತದೆ. ಎರಡು ಲೆಕ್ಕಗಳು ಎಲ್ಲಿ ತಾಳೆಯಾಗುವುದಿಲ್ಲವೋ ಅಲ್ಲಿಂದ ನಮ್ಮ ತೌಲನಿಕ ಅಧ್ಯಯನ ಆರಂಭವಾಗಬೇಕು.