ಹತ್ತು ಕೈಯ ಕೌದಿ

ಜಮಖಂಡಿ, ಮುಧೋಳ ಕಡೆಯ ಹಳ್ಳಿಗಳಲ್ಲಿ, ನಮ್ಮ ತಿಮ್ಮಾಪುರದಲ್ಲೂ, ಕೌದಿ ಒಬ್ಬರೇ ಹೊಲಿಯುವ ವಸ್ತುವಲ್ಲ. ಬೇಸಿಗೆಯ ಮಧ್ಯಾಹ್ನ ಪಡಸಾಲೆಯಲ್ಲಿ ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ, ಸುಕ್ಕು ತೀಡಿ, ನಾಲ್ಕೂ ಅಂಚಿಗೆ ಹೆಣ್ಣುಮಕ್ಕಳು ಕಾಲು ಚಾಚಿ ಕೂರುತ್ತಾರೆ.

ಹೊಲಿಗೆ ಸಾದಾ: ಸೂಜಿ ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ. ಜಾಣತನವೆಲ್ಲ ದಾರದ ಎಳೆತದಲ್ಲಿದೆ. ಬಿಗಿಯಾಗಿ ಜಗ್ಗಿದರೆ ಬಟ್ಟೆ ಮುದುಡುತ್ತದೆ, ಸಡಿಲ ಬಿಟ್ಟರೆ ಒಳಪದರ ಜಾರುತ್ತದೆ. ಬಲ್ಲವರು ಎಡಗೈಯನ್ನು ಅಡಿಯಲ್ಲಿಟ್ಟು, ಸೂಜಿಮೊನೆ ಬೆರಳಿಗೆ ತಾಗಿದ್ದರಿಂದಲೇ ಎಲ್ಲ ಪದರ ದಾಟಿತೆಂದು ತಿಳಿಯುತ್ತಾರೆ. ಕಣ್ಣಿನ ಕೆಲಸ ಕಡಿಮೆ. ಹಾಗಾಗಿಯೇ ಹಾಡು, ಹರಟೆ, ತವರಿನ ಸುದ್ದಿ, ಸೊಸೆಯ ಸಂಕಟ ಎಲ್ಲಕ್ಕೂ ಅಲ್ಲಿ ಜಾಗವಿದೆ. ಎದುರುಬದುರು ಕೂತು ಹೇಳಲಾಗದ್ದನ್ನು ತಲೆ ಬಗ್ಗಿಸಿ ಹೊಲಿಯುತ್ತ ಹೇಳಿಬಿಡಬಹುದು.

ಮೇಲಿನ ತೇಪೆಗಳನ್ನು ನೋಡಿ: ಬನಹಟ್ಟಿ ಮಗ್ಗದ ಹತ್ತಿ ಸೀರೆ, ಇಳಕಲ್ಲಿನ ಕೆಂಪು ಸೆರಗು, ಮೂಲೆಯಲ್ಲಿ ಗುಳೇದಗುಡ್ಡದ ಖಣದ ತುಂಡು. ಒಗೆದೊಗೆದು ಮೆತ್ತಗಾದ ಬಟ್ಟೆಯೇ ಬೇಕು. ಬಾಣಂತಿಯ ಕೂಸಿಗೆ ಅಜ್ಜಿಯ ಸೀರೆಗಿಂತ ಹಿತವಾದ ಹಾಸಿಗೆ ನನಗೆ ತಿಳಿದಿಲ್ಲ.

ಸುಧಾ ಮೂರ್ತಿಯವರ 2017ರ ಇಂಗ್ಲಿಷ್ ಪುಸ್ತಕಕ್ಕೆ ಹೆಸರು ಕೊಟ್ಟದ್ದೂ ಇಂಥದೇ ಒಂದು ಹಾಸು. ದೇವದಾಸಿ ಬದುಕಿನಿಂದ ಹೊರಬಂದ ಮೂರು ಸಾವಿರ ಹೆಣ್ಣುಮಕ್ಕಳು ತಲಾ ಒಂದೊಂದು ಹೊಲಿಗೆ ಹಾಕಿ ಅವರಿಗೆ ಕೊಟ್ಟದ್ದು.

ಮುಗಿದ ಕೌದಿಯನ್ನು ಮಗುಚಿ ನೋಡುವುದು ನನಗೆ ಬಲು ಇಷ್ಟ. ಒಬ್ಬಳ ಹೊಲಿಗೆ ಎಳ್ಳಿನಷ್ಟು ಸಣ್ಣ, ಪಕ್ಕದವಳದು ಉದ್ದ, ಕಲಿಯುವ ಹುಡುಗಿಯದು ವಾರೆ. ಯಾರೂ ಬಿಚ್ಚಿ ತಿದ್ದುವುದಿಲ್ಲ. ಯಾವ ಸಾಲು ಯಾರದೆಂದು ಮನೆಯವರೆಲ್ಲ ಬೆರಳಿಟ್ಟು ತೋರಿಸುತ್ತಾರೆ.